ಒಂದು ಬಟ್ಟೆಗೆ ಎರಡು ಗುರುತು

ಕಾಗದ ಸುಟ್ಟದ್ದು ಅವಳೇ. ಕೈಯಾರೆ. ಸುಡು ಅಂತ ಯಾರೂ ಹೇಳಿರಲಿಲ್ಲ. ಊಟದ ಗಂಟೆ ಹೊಡೆದ ಮೇಲೆ ರವಿಕೆಯೊಳಗಿಂದ ಮಡಿಸಿಟ್ಟಿದ್ದ ಕಾಗದ ತೆಗೆದಳು. ಬಾಯ್ಲರಿನ ಬಾಗಿಲು ಎಳೆದಳು. ಒಳಗೆ ಎಸೆದಳು. ಅವಳ ಗಂಡ ಸಲಿಕೆಗೆ ಒರಗಿ ನಿಂತು ನೋಡುತ್ತಿದ್ದ. ಆ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು ಅವನೇ.

"ತೊಲಗ್ತಾ ಪೀಡೆ?" ಅಂದ.

"ತೊಲಗ್ತು" ಅಂದಳು.

ಇಬ್ಬರೂ ನಕ್ಕರು. ಆ ನಗು ನೆನಪಾದಾಗಲೆಲ್ಲ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಯಾಕೆ ಸುಟ್ಟೆ ಅಂತ ಆಮೇಲೆ ಎಲ್ಲರೂ ಕೇಳಿದರು. ಬುದ್ಧಿ ಇತ್ತಾ ನಿನಗೆ ಅಂದರು. ಸಾಲಪತ್ರವನ್ನು ಯಾರಾದರೂ ಸುಡುತ್ತಾರಾ ಅಂದರು. ಲಾಂಡ್ರಿಯ ಕೊಳೆ ಕಡೆಯ ಹೆಂಗಸರು ಮಾತ್ರ ಕೇಳಲಿಲ್ಲ. ಅವಳ ಜಾಗದಲ್ಲಿ ಇದ್ದಿದ್ದರೆ ಅವರೂ ಅದನ್ನೇ ಮಾಡುತ್ತಿದ್ದರು.

ಲಾಂಡ್ರಿಗೆ ಎರಡು ಕಡೆ. ಕೊಳೆ ಕಡೆ, ಶುಭ್ರ ಕಡೆ. ನಡುವೆ ನೆಲದ ಮೇಲೆ ಹಳದಿ ಗೆರೆ. ಆಸ್ಪತ್ರೆಯ ಚಾದರಗಳು ಮೂಟೆ ಮೂಟೆಯಾಗಿ ಕೊಳೆ ಕಡೆಗೆ ಬಂದು ಬೀಳುತ್ತವೆ. ರಕ್ತ, ಕೀವು, ಉಚ್ಚೆ, ಹೇಲು, ಸತ್ತವರ ಬೆವರು. ಬಿಡಿಸಿ, ಕೊಡವಿ, ಎಣಿಸಿ, ನೆನೆಹಾಕಿ, ಹಿಂಡಿ, ಬೇಯಿಸಿ ಗೆರೆಯಾಚೆಗೆ ತಳ್ಳಿದ ಮೇಲೆ ಅವು ಶುಭ್ರ. ಬಟ್ಟೆ ಗೆರೆ ದಾಟಬಹುದು. ಹೆಂಗಸರು ದಾಟುವ ಹಾಗಿಲ್ಲ. ಶುಭ್ರ ಕಡೆಯ ನಲ್ಲಿಯಲ್ಲಿ ನೀರು ಕುಡಿದಳು ಅಂತ ಒಬ್ಬಳಿಗೆ ಒಂದು ವಾರದ ಕೂಲಿ ಮುರಿದಿದ್ದರು. ಇವರು ಉಜ್ಜಿ ಬಿಳಿ ಮಾಡಿದ ಬಟ್ಟೆಯನ್ನು ಇವರೇ ಮುಟ್ಟಿದರೆ ಅದು ಮತ್ತೆ ಕೊಳೆ. ಇದು ಆ ಲಾಂಡ್ರಿಯ ಲೆಕ್ಕಾಚಾರ.

ಅವಳು ಅಲ್ಲಿ ಗುರುತು ಹೊಲಿಯುವವಳು. ಎಲ್ಲರಿಗೂ ಸೂಜಿಯಕ್ಕ. ಹದಿನಾರು ವರ್ಷದಿಂದ ಕಿಟಕಿಯ ಕೆಳಗಿನ ಮಣೆಯ ಮೇಲೆ ಕೂತು ಚಾದರದ ಮೂಲೆಗೆ ಗುರುತು ಹಾಕುತ್ತಾಳೆ. ಆಸ್ಪತ್ರೆಗೆ ಕೆಂಪು ದಾರ. ಲಾಡ್ಜಿಗೆ ನೀಲಿ ದಾರ. ಸವೆದ ಚಾದರಗಳನ್ನು ಆಸ್ಪತ್ರೆಯವರು ವರ್ಷಕ್ಕೆ ಮೂರು ಸಲ ಲಾಡ್ಜಿಗೆ ಮಾರುತ್ತಾರೆ. ಆಗ ಕೆಂಪನ್ನು ಬಿಚ್ಚಬೇಕು, ನೀಲಿಯನ್ನು ಹೊಲಿಯಬೇಕು. ಮೊದಲು ಬಿಚ್ಚುವುದು, ಆಮೇಲೆ ಹೊಲಿಯುವುದು. ಕೆಲಸಕ್ಕೆ ಸೇರಿದ ಮೊದಲ ದಿನ ಅವಳಿಗೆ ಹೇಳಿಕೊಟ್ಟದ್ದೇ ಅದು. ಹೊಸ ಗುರುತು ಬಂತೆಂದರೆ ಹಳೆಯದರ ಒಂದು ಎಳೆಯೂ ಉಳಿಯಬಾರದು. ಒಂದು ಸಲ ಅರೆಬರೆ ಬಿಚ್ಚಿ ಬಿಟ್ಟಿದ್ದಳು. ಎರಡು ಕಡೆಯವರೂ ಬಂದು ಜಗಳ ಮಾಡಿದರು. ಅವತ್ತು ದೊಡ್ಡ ಯಜಮಾನ ಚಾದರವನ್ನು ಅವಳ ಮುಖಕ್ಕೆ ಎಸೆದು, "ಎರಡು ಗುರುತು ಇರೋ ಬಟ್ಟೆ ಯಾರ ಬಟ್ಟೆನೂ ಅಲ್ಲ, ತಿಳ್ಕೋ" ಅಂದಿದ್ದ. ತಿಳಿದುಕೊಂಡಳು. ಆಮೇಲೆ ಒಂದು ಸಲವೂ ತಪ್ಪಲಿಲ್ಲ.

ಆ ಬುದ್ಧಿಯಿಂದಲೇ ಕಾಗದ ಸುಟ್ಟಳು. ಹೊಸ ಪತ್ರ ಬಂದಿತ್ತು. ಹಳೆಯದನ್ನು ಬಿಚ್ಚಬೇಕಿತ್ತು. ಬಿಚ್ಚಿದಳು, ಅಷ್ಟೇ.

ಹಳೆಯ ಪತ್ರ ಹುಟ್ಟಿದ್ದು ಅವಳ ಅತ್ತೆಯ ಹೊಟ್ಟೆಯ ಆಪರೇಷನ್ನಿಗೆ. ದೊಡ್ಡ ಯಜಮಾನ ಸಾಲ ಕೊಟ್ಟ. ಕೂಲಿಯಲ್ಲಿ ಮುರಿದುಕೊಳ್ಳುವುದು ಅಂತ ಬರೆಸಿದ. ಅವಳ ಗಂಡ ಸಹಿ ಹಾಕುವ ಮುಂಚೆ ಪೆನ್ನು ಕೆಳಗಿಟ್ಟ.

"ಇನ್ನೊಂದು ಮಾತು ಬರೀಬೇಕು ಯಜಮಾನ್ರೇ."

"ಏನಯ್ಯಾ ಅದು?"

"ಬಾಯ್ಲರಲ್ಲಿ ನಾನು ಸತ್ರೆ ಈ ಸಾಲ ನನ್ನ ಜೊತೆಗೇ ಸಾಯ್ಬೇಕು. ಹೆಂಡ್ತೀನ ಕೇಳಬಾರ್ದು. ಮಗೂನ ಕೇಳಬಾರ್ದು."

ಸುಮ್ಮನೆ ಕೇಳಿದ್ದಲ್ಲ ಅವನು. ಅವನಿಗಿಂತ ಮುಂಚೆ ಬಾಯ್ಲರಿಗೆ ಇದ್ದವನು ಅಲ್ಲೇ ಬೆಂದು ಸತ್ತಿದ್ದ. ಅವನ ಸಾಲಕ್ಕೆ ಅವನ ಹೆಂಡತಿಯನ್ನು ಹಿಂಡುವ ತೊಟ್ಟಿಗೆ ಹಾಕಿದ್ದರು. ಆಗ ಅವಳು ಪ್ರಾಯದವಳು. ಈಗ ಅವಳನ್ನು ಹಿಂಡೋ ಅಜ್ಜಿ ಅನ್ನುತ್ತಾರೆ. ಬೆರಳ ಗೆಣ್ಣುಗಳು ಸೊಟ್ಟಗಾಗಿ ಮುಷ್ಟಿ ಕಟ್ಟಲು ಬರುವುದಿಲ್ಲ. ಸಾಲ ಇನ್ನೂ ತೀರಿಲ್ಲ. ದಿನಾ ಬೆಳಗ್ಗೆ ಆ ಮುದುಕಿ ಬಾಯ್ಲರಿನ ಮುಂದೆ ಹಾದು ತೊಟ್ಟಿಗೆ ಹೋಗುವುದನ್ನು ನೋಡಿ ನೋಡಿ ಅವನ ಹೊಟ್ಟೆ ಉರಿದಿತ್ತು.

ದೊಡ್ಡ ಯಜಮಾನ ಒಂದು ಗಳಿಗೆ ಅವನನ್ನು ದಿಟ್ಟಿಸಿ ನೋಡಿದ. ಬಾಯ್ಲರ್ ನಡೆಸಲು ಬೇರೆ ಯಾರೂ ಸಿಕ್ಕಿರಲಿಲ್ಲ. ಎರಡೂ ಪ್ರತಿಗಳ ಕೆಳಗೆ ತನ್ನ ಕೈಯಿಂದಲೇ ಆ ಮಾತು ಬರೆದ. ಒಂದು ಪ್ರತಿ ಅವನ ಬೀರುವಿಗೆ ಹೋಯಿತು, ಒಂದು ಇವರ ಡಬ್ಬಿಗೆ ಬಂತು. ಗಂಡ ಅವತ್ತು ರಾಜನ ಹಾಗೆ ನಡೆದು ಬಂದ.

ವರ್ಷಗಳು ಉರುಳಿದವು. ದೊಡ್ಡ ಯಜಮಾನ ಕಣ್ಣುಮುಚ್ಚಿದ. ಸಣ್ಣ ಯಜಮಾನ ಬಂದ. ಇವರ ಮಗಳು ಓದಿನಲ್ಲಿ ಚುರುಕು. ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತು. ಫೀಸಿಗೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಾಯಿತು. ಸಣ್ಣ ಯಜಮಾನ ನಗುನಗುತ್ತಾ ಮಾತಾಡುವವನು. ಹಳೆಯ ಸಾಲದಲ್ಲಿ ಉಳಿದದ್ದನ್ನು ಹೊಸ ಸಾಲದಲ್ಲೇ ಮುರಿದುಕೊಂಡು ಮಿಕ್ಕಿದ್ದನ್ನು ಕೈಗೆ ಕೊಟ್ಟ. ಇವರ ಹಳೆಯ ಪತ್ರವನ್ನು ಈಸಿಕೊಂಡು ಅದರ ಬೆನ್ನಿಗೆ 'ತೀರಿದೆ' ಅಂತ ಬರೆದು ಸಹಿ ಹಾಕಿ ವಾಪಸು ಕೊಟ್ಟ.

"ಇನ್ಮೇಲೆ ಹೊಸದೊಂದೇ. ಹಳೇದರ ಜಾಗಕ್ಕೆ ಇದು."

"ಅದರಲ್ಲಿದ್ದ ನನ್ನ ಮಾತು ಇದರಲ್ಲಿ ಇದೆಯಾ?" ಅಂತ ಗಂಡ ಕೇಳಿದ.

"ಅಪ್ಪ ಕೊಟ್ಟ ಮಾತು ನನ್ನ ಮಾತಲ್ವೇನಯ್ಯಾ? ಅದನ್ನೂ ಕಾಗದದಲ್ಲಿ ಬರೀಬೇಕಾ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ಗಂಡನಿಗೆ ನಾಚಿಕೆಯಾಯಿತು. ಸಹಿ ಹಾಕಿದ. ಅವಳೂ ಹೆಬ್ಬೆಟ್ಟು ಒತ್ತಿದಳು. ಬ್ಲೀಚಿಂಗ್ ನೀರಿನಲ್ಲಿ ಅವಳ ಬೆರಳಿನ ಗೆರೆಗಳೆಲ್ಲ ಯಾವತ್ತೋ ಸವೆದುಹೋಗಿದ್ದವು. ಕಾಗದದ ಮೇಲೆ ಮೂಡಿದ್ದು ಬರೀ ಒಂದು ಕಪ್ಪು ಬೊಟ್ಟು.

ಮನೆಯಲ್ಲಿ ಮಗಳು ಹೊಸ ಪತ್ರವನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಸಾಲ ಇಷ್ಟು, ತೀರುವವರೆಗೆ ಕುಟುಂಬದವರು ದುಡಿಯತಕ್ಕದ್ದು, ಈ ಪತ್ರ ಹಿಂದಿನ ಪತ್ರದ ಬದಲಿಗೆ. ಇದ್ದದ್ದನ್ನೆಲ್ಲ ಓದಿದಳು. ಇಲ್ಲದ್ದನ್ನು ಓದಲು ಯಾವ ಶಾಲೆಯಲ್ಲಿ ಕಲಿಸುತ್ತಾರೆ?

ಮರುದಿನ ಸೂಜಿಯಕ್ಕ ಹಳೆಯ ಪತ್ರವನ್ನು ಬಾಯ್ಲರಿಗೆ ಹಾಕಿದಳು.

ಮಗಳ ಓದಿನ ಎರಡು ವರ್ಷ ಕಳೆಯುವ ಹೊತ್ತಿಗೆ ಬಾಯ್ಲರಿನ ವಾಲ್ವು ಸೋರತೊಡಗಿತ್ತು. ಗಂಡ ಮೂರು ಸಲ ಹೋಗಿ ಹೇಳಿದ. ಮುಂದಿನ ತಿಂಗಳು ನೋಡೋಣ, ಮುಂದಿನ ತಿಂಗಳು ನೋಡೋಣ. ಹರಿದ ಚಾದರದ ಪಟ್ಟಿಯೊಂದನ್ನು ಅವನೇ ಅದಕ್ಕೆ ಬಿಗಿದು ಕಟ್ಟಿಕೊಂಡು ಕೆಲಸ ಮಾಡುತ್ತಿದ್ದ. ಒಂದು ಬೆಳಗ್ಗೆ, ಕೆಲಸ ಶುರುವಾಗಿ ಅರ್ಧ ಗಂಟೆ ಆಗಿರಲಿಲ್ಲ, ವಾಲ್ವು ಕಿತ್ತುಕೊಂಡಿತು.

ಅವಳು ಸೂಜಿ ಬಿಸಾಕಿ ಓಡಿದಳು. ಹಬೆಯೊಳಗೆ ಏನೂ ಕಾಣಲಿಲ್ಲ. ಕೈ ಹಾಕಿ ಎಳೆದಳು. ಎಳೆದಾಗ ಅವನ ತೋಳಿನ ಚರ್ಮ ಅವಳ ಕೈಗೆ ಬಂತು. ಇದನ್ನು ಅವಳು ಯಾರಿಗೂ ಹೇಳಿಲ್ಲ. ಮಗಳಿಗೂ ಹೇಳಿಲ್ಲ.

ಎರಡು ದಿನ ಜೀವ ಹಿಡಿದುಕೊಂಡಿದ್ದ. ಬಾಯಿ ಬೆಂದುಹೋಗಿತ್ತು, ಮಾತಿಲ್ಲ. ಕಣ್ಣು ಮಾತ್ರ ಮಗಳ ಬಿಳಿ ಯೂನಿಫಾರಮ್ಮಿನ ಹಿಂದೆಯೇ ಓಡಾಡುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಅದೂ ನಿಂತಿತು. ಮಗಳೇ ಚಾದರ ಎಳೆದು ಮುಖ ಮುಚ್ಚಿದಳು. ಮೂಲೆಯಲ್ಲಿ ಕೆಂಪು ಗುರುತಿತ್ತು. ಅಮ್ಮನ ಹೊಲಿಗೆ.

ಆ ಚಾದರ ನಾಲ್ಕು ದಿನದ ಮೇಲೆ ಕೊಳೆ ಕಡೆಗೆ ಬಂತು. ಮೂಟೆ ಬಿಚ್ಚಿದ ಕೂಡಲೇ ಅವಳಿಗೆ ಗೊತ್ತಾಯಿತು. ಆ ಗುರುತು ಹೊಲಿಯುವಾಗ ಕೆಂಪು ದಾರ ಮುಗಿದು ಕೊನೆಯ ಎರಡು ಎಳೆಯನ್ನು ಕಂದು ದಾರದಲ್ಲಿ ಹಾಕಿದ್ದಳು. ಬಟ್ಟೆಯ ನಡುವೆ ಸುಟ್ಟಗಾಯದ ಹಳದಿ ಮುಲಾಮು ಅಂಟಿತ್ತು. ಒಂದು ಭುಜ, ಒಂದು ಬೆನ್ನು, ಅಷ್ಟೇ ಅಗಲ. ಅವಳು ಅದನ್ನು ಯಂತ್ರಕ್ಕೆ ಕೊಡಲಿಲ್ಲ. ತೊಟ್ಟಿಯ ಮೂಲೆಯಲ್ಲಿ ಕೂತು ಕೈಯಿಂದಲೇ ಒಗೆದಳು. ಯಾರೂ ಮಾತಾಡಿಸಲಿಲ್ಲ. ಹಿಂಡೋ ಅಜ್ಜಿ ಮಾತ್ರ ಬಂದು ಚಾದರದ ಇನ್ನೊಂದು ತುದಿ ಹಿಡಿದಳು. ಹಳದಿ ಕಲೆ ಪೂರ್ತಿ ಹೋಗಲಿಲ್ಲ. ಚಾದರ ಗೆರೆ ದಾಟಿ ಹೋಯಿತು.

ಎರಡು ವಾರ ಕಳೆದ ಮೇಲೆ ಸಣ್ಣ ಯಜಮಾನ ಹೇಳಿಕಳಿಸಿದ. ಆಫೀಸಿನ ಬಾಗಿಲಲ್ಲಿ ಒಂದು ಗೋಣಿತಟ್ಟು ಹಾಸಿರುತ್ತದೆ. ಕೊಳೆ ಕಡೆಯವರು ಅದರ ಮೇಲೇ ನಿಂತು ಮಾತಾಡಬೇಕು. ನಿಂತಳು.

"ಆಗಬಾರದ್ದು ಆಗೋಯ್ತು" ಅಂದ ಅವನು. "ನನಗೂ ಸಂಕಟನೇ. ಆದ್ರೆ ಸಾಲ ಸಾಲನೇ ಅಲ್ವಾ? ಹಳೇದರದ್ದು ಬಾಕಿ ಇದೆ, ಹೊಸದರದ್ದೂ ಬಾಕಿ ಇದೆ. ನಿನ್ನೊಬ್ಬಳ ಸೂಜಿಯಲ್ಲಿ ಇದೆಲ್ಲ ತೀರೋದಲ್ಲ. ಮಗಳನ್ನ ಸೋಮವಾರದಿಂದ ಕಳಿಸು. ತೊಟ್ಟಿಗೆ ಕೈ ಬೇಕಾಗಿದೆ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಹಳೇದು ತೀರಿದೆ ಅಂತ ನೀವೇ ಬರೆದು ಕೊಟ್ಟಿದ್ರಲ್ಲ?"

"ಎಲ್ಲಿ, ತೋರಿಸು."

ಅವಳ ಕೈ ತಾನಾಗೇ ರವಿಕೆಯ ಕಡೆಗೆ ಹೋಗಿ ಖಾಲಿಯಾಗಿ ವಾಪಸು ಬಂತು.

"ನನ್ನ ಮಗಳಿಗೆ ಇನ್ನೊಂದು ವರ್ಷ ಇದೆ ಓದು" ಅಂದಳು. "ಆ ಓದಿಗೇ ಅಲ್ವಾ ಸಾಲ ತಗೊಂಡಿದ್ದು? ಈಗ ಆ ಸಾಲಕ್ಕೆ ಅಂತ ಓದು ಬಿಡಿಸಿದ್ರೆ ಹೇಗೆ? ಅವರಪ್ಪ ಬರೆಸಿದ್ದ ಮಾತು..."

"ಅದು ಹಳೇ ಪತ್ರ. ಅದರ ಬದಲಿಗೆ ಹೊಸದು ಬಂದಿದೆ. ಹೊಸದರಲ್ಲಿ ಅಂಥಾ ಮಾತೇನೂ ಇಲ್ಲ."

ಕೇಳಿದಿರಾ? ಒಂದೇ ಬಾಯಿ, ಎರಡು ಮಾತು. ಸಾಲಕ್ಕೆ ಹಳೆಯ ಪತ್ರ ಬದುಕಿದೆ. ದಯೆಗೆ ಹಳೆಯ ಪತ್ರ ಸತ್ತಿದೆ. ಅದನ್ನು ಹೇಳುವಾಗ ಅವನ ಧ್ವನಿ ಒಂದಿಷ್ಟೂ ಏರುಪೇರಾಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಮೇಜಿನ ಗಾಜಿನ ಮೇಲೆ ಒಂದು ಬೆರಳಿನ ಗುರುತೂ ಇರಲಿಲ್ಲ.

ಮನೆಗೆ ಬಂದು ಹೇಳಿದಾಗ ಮಗಳು ಪುಸ್ತಕ ಮುಚ್ಚಿಟ್ಟಳು. ಮನೆ ಅಂದರೆ ಲಾಂಡ್ರಿಯ ಹಿಂದಿನ ಸಾಲಿನಲ್ಲಿ ಒಂದು ಕೋಣೆ. ಅದೂ ಯಜಮಾನನದೇ.

"ನಾನು ಓದಿದ್ನಲ್ಲಮ್ಮ. ಎರಡು ಸಲ ಓದಿದೆ. ಅಪ್ಪನ ಮಾತು ಅದರಲ್ಲಿಲ್ಲ ಅಂತ ನನಗೆ ಯಾಕೆ ಹೊಳೀಲಿಲ್ಲ?"

"ನೀನು ಓದಿದ್ದು ಸರಿಯಾಗೇ ಇತ್ತು. ಸುಟ್ಟವಳು ನಾನು."

"ನನ್ನ ಫೀಸಿಗೆ ತಾನೇ..."

"ಬಾಯ್ಮುಚ್ಚು."

ಇಬ್ಬರೂ ತಪ್ಪನ್ನು ತಮ್ಮ ಕಡೆಗೆ ಎಳೆದುಕೊಂಡು ಕೂತಿದ್ದರು. ತಪ್ಪು ಮಾಡಿದವನು ಫ್ಯಾನಿನ ಕೆಳಗೆ ತಣ್ಣಗಿದ್ದ. ಬಡವರ ಮನೆಯಲ್ಲಿ ಹೀಗೇ ಆಗುವುದು. ಹೊಡೆದವನ ಕೈಯನ್ನು ಬಿಟ್ಟು ತಮ್ಮ ಕೆನ್ನೆಯನ್ನೇ ಬೈದುಕೊಳ್ಳುತ್ತಾರೆ.

ಮಗಳು ನೆಲ ನೋಡುತ್ತಾ ಅಂದಳು, "ವಾರ್ಡಲ್ಲಿ ದಿನಾ ಮೂವತ್ತು ಹಾಸಿಗೆ ಹಾಕ್ತೀನಮ್ಮ. ಚಾದರದ ಮೂಲೆ ಮಡಚೋವಾಗೆಲ್ಲ ನಿನ್ನ ಗುರುತು ಕೈಗೆ ಸಿಗುತ್ತೆ. ಮೊದಲ ವರ್ಷ ಯಾರಿಗೂ ಹೇಳ್ಲಿಲ್ಲ, ನಾಚಿಕೆ ಆಗ್ತಿತ್ತು. ಈಗ ಎಲ್ರಿಗೂ ಹೇಳಿದೀನಿ."

ಅವಳು ಮಗಳ ಕೈ ಹಿಡಿದು ನೋಡಿದಳು. ಮೆತ್ತಗಿತ್ತು. ಬೆರಳಿನ ಗೆರೆಗಳೆಲ್ಲ ಇನ್ನೂ ಹಾಗೇ ಇದ್ದವು. ತೊಟ್ಟಿಗೆ ಇಳಿದರೆ ಆರು ತಿಂಗಳು ಸಾಕು, ಅಷ್ಟೂ ಅಳಿಸಿಹೋಗುತ್ತವೆ. ಅವತ್ತೇ ಅವಳು ನಿರ್ಧಾರ ಮಾಡಿದಳು. ಈ ಕೈ ತೊಟ್ಟಿಗೆ ಇಳಿಯಕೂಡದು. ಬೇರೆ ಏನು ಬೇಕಾದರೂ ಆಗಲಿ.

ಕಾರ್ಮಿಕ ಕಚೇರಿಗೆ ಅರ್ಜಿ ಕೊಟ್ಟರು. ಬುಧವಾರ ಬರಹೇಳಿದರು. ತಾಯಿ ಮಗಳು ಅರ್ಧ ದಿನದ ಕೂಲಿ, ಅರ್ಧ ದಿನದ ಪಾಠ ಬಿಟ್ಟು ಹೋದರು. ಅಧಿಕಾರಿಯ ಕೋಣೆಯಲ್ಲಿ ಮೂರು ಕುರ್ಚಿ ಇದ್ದವು. ಒಂದರಲ್ಲಿ ಅಧಿಕಾರಿ, ಒಂದರಲ್ಲಿ ಸಣ್ಣ ಯಜಮಾನ, ಒಂದರಲ್ಲಿ ಅವನ ವಕೀಲ. ಇವರಿಬ್ಬರೂ ನಿಂತರು. ಅವಳು ಒಳಗೆ ಬರುತ್ತಿದ್ದ ಹಾಗೆ ಅಧಿಕಾರಿ ಮೂಗು ಅರಳಿಸಿ, ಎದ್ದು, ಕಿಟಕಿ ತೆರೆದ. ಅದು ಬ್ಲೀಚಿಂಗ್ ವಾಸನೆ. ಅವನ ಹೆಂಡತಿ ಹೆತ್ತ ಹಾಸಿಗೆಯ ಚಾದರಕ್ಕೂ ಅದೇ ವಾಸನೆ ಇದ್ದಿರಬೇಕು. ಆಗ ಯಾರೂ ಕಿಟಕಿ ತೆರೆದಿರಲಿಕ್ಕಿಲ್ಲ.

ವಕೀಲ ಚೀಲದಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟ. ಒಂದು ಹೊಸದು. ಇನ್ನೊಂದನ್ನು ನೋಡಿ ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅದೇ ಹಳೆಯ ಪತ್ರ. ದೊಡ್ಡ ಯಜಮಾನನ ಬೀರುವಿನಲ್ಲಿದ್ದ ಪ್ರತಿ. ಕೆಳಗೆ ಗಂಡನ ಸಹಿ, ಬಲಕ್ಕೆ ವಾಲಿದ ಐದು ಅಕ್ಷರ. ಅವಳಿಗೆ ಓದು ಬಾರದು. ಆದರೆ ಹದಿನಾರು ವರ್ಷ ಅಕ್ಷರ ಹೊಲಿದವಳಿಗೆ ಒಂದು ಅಕ್ಷರದ ಮೈಕಟ್ಟು ಮರೆಯುವುದಿಲ್ಲ. ಅವನು ಸತ್ತ ಮೇಲೆ ಅವನ ಕೈಬರಹ ಅವಳು ನೋಡಿದ್ದು ಅದೇ ಮೊದಲು. ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ಹಳೇ ಬಾಕಿಗೆ ಇದೇ ಪುರಾವೆ ಸರ್" ಅಂದ ವಕೀಲ. "ತೀರಿಸಿದ್ದಕ್ಕೆ ಅವರ ಹತ್ರ ಏನೂ ದಾಖಲೆ ಇಲ್ಲ."

"ಕೆಳಗೆ ಓದಿ" ಅಂದಳು ಅವಳು.

ಅಧಿಕಾರಿ ತಲೆ ಎತ್ತಿದ. "ಏನು?"

"ಸಹಿಯ ಮೇಲೆ ಕೈಯಲ್ಲಿ ಬರೆದದ್ದು ಇದೆಯಲ್ಲ, ಅದನ್ನ ಗಟ್ಟಿಯಾಗಿ ಓದಿ."

ಅಧಿಕಾರಿ ಓದಿದ. ಬಾಯ್ಲರಿನಲ್ಲಿ ಈತ ಸತ್ತರೆ ಸಾಲವೂ ತೀರಿದಂತೆ. ಹೆಂಡತಿಯನ್ನಾಗಲಿ ಮಗುವನ್ನಾಗಲಿ ಕೇಳತಕ್ಕದ್ದಲ್ಲ. ಓದಿ ಮುಗಿಸಿ ಕಾಗದ ಕೆಳಗಿಟ್ಟ. ಅಪ್ಪನೇ ಕೋಣೆಯೊಳಗೆ ಬಂದು ಮಾತಾಡಿ ಹೋದ ಹಾಗಾಯಿತು ಮಗಳಿಗೆ.

ವಕೀಲನಿಗೆ ಏನೂ ಆಗಲಿಲ್ಲ. "ಷರತ್ತುಗಳ ಮಟ್ಟಿಗೆ ಹೊಸ ಪತ್ರ ಹಳೆಯದರ ಬದಲಿಗೆ ಬಂದಿದೆ ಸರ್. ಬಾಕಿಯ ಮಟ್ಟಿಗೆ ಹಳೆಯದು ಹಾಗೇ ಇದೆ."

"ಸ್ವಾಮೀ" ಅಂದಳು ಅವಳು. "ನನಗೆ ಓದು ಬರಲ್ಲ. ಒಂದೇ ಒಂದು ಕೇಳ್ತೀನಿ. ಆ ಹಳೇ ಕಾಗದ ಸತ್ತಿದೆಯಾ, ಬದುಕಿದೆಯಾ? ಬದುಕಿದ್ರೆ ನನ್ನ ಗಂಡನ ಮಾತೂ ಬದುಕಿದೆ. ನಮ್ಮನ್ನ ಬಿಟ್ಟುಬಿಡಿ. ಸತ್ತಿದ್ರೆ ಅದರೊಳಗಿನ ಸಾಲಾನೂ ಸತ್ತಿದೆ. ಹೊಸದೊಂದನ್ನ ನಾನೊಬ್ಬಳೇ ದುಡಿದು ತೀರಿಸ್ತೀನಿ, ಮಗಳನ್ನ ಬಿಡಿ. ಎರಡರಲ್ಲಿ ಯಾವ್ದಾದ್ರೂ ಒಂದು ಹೇಳಿ. ಯಾವ್ದು ಹೇಳಿದ್ರೂ ಒಪ್ಕೋತೀನಿ."

ಅಧಿಕಾರಿ ಎರಡೂ ಕಾಗದಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಅರ್ಥವಾಗಿತ್ತು. ಅರ್ಥವಾಗಿದ್ದು ಮುಖದಲ್ಲಿ ಕಾಣುತ್ತಿತ್ತು. ಅವನು ಸಣ್ಣ ಯಜಮಾನನ ಕಡೆ ನೋಡಿದ, ಗಡಿಯಾರದ ಕಡೆ ನೋಡಿದ.

"ಅದು ಹಾಗಲ್ಲಮ್ಮ" ಅಂದ.

"ಮತ್ತೆ ಹೇಗೆ?"

"ಕಾನೂನು ಅಂದ್ರೆ ಬಟ್ಟೆ ಒಗೆದಷ್ಟು ಸುಲಭ ಅಲ್ಲ."

ವಕೀಲ ನಕ್ಕ. ಸಣ್ಣ ಯಜಮಾನನೂ ನಕ್ಕ. ಬಟ್ಟೆ ಒಗೆಯುವುದು ಸುಲಭ ಅಂದವನ ಕೈಯನ್ನು ಒಂದು ಗಂಟೆ, ಒಂದೇ ಒಂದು ಗಂಟೆ, ಆ ತೊಟ್ಟಿಯಲ್ಲಿ ಅದ್ದಿ ಹಿಡಿಯಬೇಕಿತ್ತು.

ಮೂರನೆಯ ಕಾಗದ ಆಗಲೇ ತಯಾರಾಗಿತ್ತು. ಒಪ್ಪಿಗೆ ಪತ್ರ. ಎರಡೂ ಸಾಲ ಇವರದು, ಮಗಳು ಸೋಮವಾರದಿಂದ ಕೆಲಸಕ್ಕೆ, ಯಜಮಾನರು ದಯವಿಟ್ಟು ಬಡ್ಡಿಯಲ್ಲಿ ಸ್ವಲ್ಪ ಬಿಡುವುದು. ಅಧಿಕಾರಿ ಶಾಯಿಯ ಡಬ್ಬಿ ತೆರೆದು ಅವಳ ಕಡೆಗೆ ಜರುಗಿಸಿದ.

"ಒತ್ತಮ್ಮ. ಎಲ್ರಿಗೂ ಒಳ್ಳೇದು."

ಅವಳು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿದಳು.

"ಒತ್ತಲ್ಲ."

"ಏನು?"

"ಒತ್ತಲ್ಲ ಅಂದೆ. ಅವತ್ತು ಒತ್ತಿದ್ದಕ್ಕೆ ಮಗಳನ್ನ ಕೇಳ್ತಿದೀರಿ. ಇವತ್ತು ಒತ್ತಿದ್ರೆ ನಾಳೆ ಮೊಮ್ಮಗಳನ್ನ ಕೇಳ್ತೀರಿ."

ಸಣ್ಣ ಯಜಮಾನನ ನಗು ಮೊದಲ ಸಲ ಮಾಯವಾಯಿತು. "ಹಾಗಾದ್ರೆ ಶನಿವಾರ ಸಂಜೆಯೊಳಗೆ ನನ್ನ ಕೋಣೆ ಖಾಲಿ ಮಾಡು" ಅಂದ. "ಕೋರ್ಟಲ್ಲಿ ನೋಡ್ಕೊಳ್ಳೋಣ."

ಅಧಿಕಾರಿ ಡಬ್ಬಿ ಮುಚ್ಚಿ ಕೈ ತೊಳೆದುಕೊಂಡ. ನಿಜವಾಗಿಯೂ ಎದ್ದು ಹೋಗಿ ಕೈ ತೊಳೆದುಕೊಂಡ.

ಗುರುವಾರ ಆಸ್ಪತ್ರೆಯಿಂದ ಲಾಡ್ಜಿಗೆ ಮಾರಿದ ಹಳೆಯ ಚಾದರಗಳು ಬಂದವು. ಮುನ್ನೂರ ನಲವತ್ತು. ಶನಿವಾರ ಮಧ್ಯಾಹ್ನಕ್ಕೆ ಗುರುತು ಬದಲಾಗಿ ಸಿದ್ಧವಿರಬೇಕು. ಸೂಜಿ ಹಿಡಿಯುವವಳು ಇನ್ನೊಬ್ಬಳಿಲ್ಲ, ಅದಕ್ಕೇ ಶನಿವಾರದವರೆಗೆ ಅವಳನ್ನು ಇಟ್ಟುಕೊಂಡಿದ್ದರು.

ಅವಳು ಮಣೆಯ ಮೇಲೆ ಕೂತಳು. ಮೊದಲ ಚಾದರ ತೆಗೆದುಕೊಂಡಳು. ಬಿಚ್ಚುವ ಕತ್ತರಿ ಕೈಗೆತ್ತಿಕೊಂಡಳು. ಕೆಂಪು ಗುರುತನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಕತ್ತರಿ ಕೆಳಗಿಟ್ಟು, ಸೂಜಿಗೆ ನೀಲಿ ದಾರ ಪೋಣಿಸಿ, ಕೆಂಪಿನ ಪಕ್ಕದಲ್ಲೇ ನೀಲಿ ಗುರುತು ಹೊಲಿದಳು. ಚೊಕ್ಕವಾಗಿ. ಹದಿನಾರು ವರ್ಷದಲ್ಲಿ ಅಷ್ಟು ಚೊಕ್ಕವಾಗಿ ಎಂದೂ ಹೊಲಿದಿರಲಿಲ್ಲ. ಎರಡನೆಯದು ತೆಗೆದುಕೊಂಡಳು. ಮೂರನೆಯದು. ಪಕ್ಕದಲ್ಲಿ ಕೊಡವುತ್ತಿದ್ದ ಹೆಂಗಸರು ನೋಡಿದರು. ಒಬ್ಬಳು ಏನೋ ಹೇಳಲು ಬಾಯಿ ತೆರೆದಳು. ಹಿಂಡೋ ಅಜ್ಜಿ ಕಣ್ಣಲ್ಲೇ ಸುಮ್ಮನಿರಿಸಿದಳು. ಗುರುವಾರ ಹೊಲಿದಳು, ಶುಕ್ರವಾರ ಹೊಲಿದಳು. ಬೆರಳ ತುದಿ ಒಡೆದು ರಕ್ತ ಬಂತು, ಬಟ್ಟೆ ಸುತ್ತಿಕೊಂಡು ಹೊಲಿದಳು.

ಶನಿವಾರ ಬೆಳಗ್ಗೆ, ರಾಶಿಯ ತಳದಲ್ಲಿ, ಅದು ಸಿಕ್ಕಿತು. ಕೊನೆಯ ಎರಡು ಎಳೆ ಕಂದು ದಾರ. ನಡುವೆ ಮಾಸಿದ ಹಳದಿ, ಒಂದು ಭುಜದಷ್ಟು, ಒಂದು ಬೆನ್ನಿನಷ್ಟು.

ಕಲೆ ಹೋಗಿಲ್ಲ ಅಂತ ಆಸ್ಪತ್ರೆಯವರು ಮಾರಿದ್ದರು.

ಅವಳು ಅದನ್ನು ಮಡಿಲಿಗೆ ಎಳೆದುಕೊಂಡು ಅತ್ತಳು. ಗಂಡ ಸತ್ತ ದಿನ ಅತ್ತಿರಲಿಲ್ಲ, ಮಗಳನ್ನು ಹಿಡಿದುಕೊಳ್ಳಬೇಕಿತ್ತು. ಈಗ ಅತ್ತಳು. ಬಾಯಿಗೆ ಚಾದರ ತುರುಕಿಕೊಂಡು, ಸದ್ದು ಬರದ ಹಾಗೆ, ಮೈಯೆಲ್ಲ ಅಲುಗುವ ಹಾಗೆ ಅತ್ತಳು. ಆಮೇಲೆ ಕತ್ತರಿ ತೆಗೆದುಕೊಂಡು ಆ ಒಂದು ಗುರುತನ್ನು ಎಳೆ ಎಳೆಯಾಗಿ ಬಿಚ್ಚಿದಳು. ಕೆಂಪು, ಕೆಂಪು, ಕಂದು. ಅದರ ಮೇಲೆ ನೀಲಿ ಹೊಲಿಯಲಿಲ್ಲ. ಮಡಚಿ ಮಣೆಯ ಕೆಳಗಿಟ್ಟಳು.

ಮಧ್ಯಾಹ್ನ ಶುಭ್ರ ಕಡೆಯಲ್ಲಿ ಗಲಾಟೆ ಎದ್ದಿತು. ಚಾದರ ಒಯ್ಯಲು ಲಾಡ್ಜಿನವನು ಬಂದಿದ್ದ, ವಾರದ ಬಟ್ಟೆ ಒಯ್ಯಲು ಆಸ್ಪತ್ರೆಯವನೂ ಬಂದಿದ್ದ. ನೀಲಿ ಇದೆ ನಮ್ಮದು ಅಂದ ಒಬ್ಬ. ಕೆಂಪು ಇದೆ, ಸ್ಟಾಕಿಗೆ ತಗೋತೀನಿ ಅಂದ ಇನ್ನೊಬ್ಬ. ಒಬ್ಬರ ಕೈಯಿಂದ ಒಬ್ಬರು ಎಳೆದಾಡಿದರು. ಸಣ್ಣ ಯಜಮಾನ ಓಡಿ ಬಂದ. ಹುಟ್ಟಿದಾಗಿನಿಂದ ದಾಟದ ಹಳದಿ ಗೆರೆಯನ್ನು ದಾಟಿ ಕೊಳೆ ಕಡೆಗೆ ಬಂದ. ಕೈಯಲ್ಲಿ ಎರಡು ಗುರುತಿನ ಚಾದರ.

"ಏನೇ ಇದು? ಹೊಸ ಗುರುತು ಬಂದ್ರೆ ಹಳೇದು ಹೋಗ್ಬೇಕು! ಒಂದು ಬಟ್ಟೆಗೆ ಒಂದೇ ಗುರುತು! ಅಷ್ಟೂ ಗೊತ್ತಿಲ್ವಾ ನಿನಗೆ?"

ತೊಟ್ಟಿಯ ಹತ್ತಿರ ನೀರಿನ ಸದ್ದು ನಿಂತಿತು. ಹೆಂಗಸರೆಲ್ಲ ತಿರುಗಿ ನಿಂತರು.

ಅವಳು ಮಣೆಯಿಂದ ಎದ್ದಳು.

"ಗೊತ್ತಿತ್ತು" ಅಂದಳು. "ನನಗೆ ಗೊತ್ತಿದ್ದಿದ್ದೇ ಅದೊಂದು. ಅದಕ್ಕೇ ಕಾಗದ ಸುಟ್ಟೆ."

ಅವನು ಆಡಿದ ಮಾತು ಅವನ ಕಿವಿಗೇ ಬಿದ್ದಿತ್ತು.

"ಈಗ ಹೇಳಿದ್ರಲ್ಲ, ಅದನ್ನೇ ಬುಧವಾರ ಆ ಕೋಣೆಯಲ್ಲಿ ಹೇಳಿದ್ರೆ ಆಗಿತ್ತು. ನಿಮ್ಮ ಬಟ್ಟೆಗೆ ಒಂದೇ ಗುರುತು. ನನ್ನ ಮಗಳಿಗೆ ಮಾತ್ರ ಎರಡಾ?"

"ಹೊರಗೆ ಹೋಗು" ಅಂದ ಅವನು. "ಈಗಲೇ ಹೋಗು. ಒಂದು ನೂಲೂ ಇಲ್ಲಿಂದ ಆಚೆ ಹೋಗಕೂಡದು."

ಅವಳು ಸೂಜಿಯನ್ನು ಮಣೆಗೆ ಚುಚ್ಚಿ ನಿಲ್ಲಿಸಿದಳು. ಅವನು ಶುಭ್ರ ಕಡೆಯ ಗಲಾಟೆಗೆ ತಿರುಗಿದ ಮೇಲೆ ಮಣೆಯ ಕೆಳಗಿನಿಂದ ಮಡಚಿದ ಚಾದರ ತೆಗೆದುಕೊಂಡು ಹೊರಟಳು. ಹಿಂಡೋ ಅಜ್ಜಿ ಒದ್ದೆ ಕೈಯಿಂದ ಅವಳ ತೋಳು ಹಿಡಿದಳು.

"ನಿನ್ನ ಮಗಳು ಹೊರಗಿದ್ದಾಳಾ?"

"ಇದ್ದಾಳೆ."

"ನನ್ನ ಕಾಗದ ಒಂದಿದೆ. ನನ್ನ ಗಂಡಂದು. ಓದ್ತಾಳಾ ಕೇಳು. ಏನಿದೆ ಅಂತ ಬೇಡ. ಏನಿಲ್ಲ ಅಂತ ಹೇಳಿದ್ರೆ ಸಾಕು."

ಗೇಟಿನಲ್ಲಿ ಕಾವಲಿನವನು ಇದ್ದ. ಅವನನ್ನು ಮೀಸೆ ಮಾಮ ಅನ್ನುತ್ತಾರೆ. ದಿನಾ ಸಂಜೆ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಚೀಲ ಕೊಡವಿಸಿ, ಸೊಂಟ ತಟ್ಟಿ ನೋಡಿ ಬಿಡುವವನು ಅವನೇ. ಅವಳು ಹದಿನಾರು ವರ್ಷ ಅವನ ಮುಂದೆ ಕೈಯೆತ್ತಿ ನಿಂತಿದ್ದಳು. ಗುರುತಿದ್ದ ಬಟ್ಟೆ ಸಿಕ್ಕರೆ ಕಳ್ಳಿ. ಗುರುತಿಲ್ಲದ ಬಟ್ಟೆ ಲಾಂಡ್ರಿಯದಲ್ಲ. ಅದು ಗೇಟಿನ ನಿಯಮ.

"ಏನದು?" ಅಂದ.

ಅವಳು ಚಾದರ ಚಾಚಿದಳು. ಅವನು ಬಿಡಿಸಿದ. ಒಂದು ಮೂಲೆ ನೋಡಿದ, ಎರಡನೆಯದು ನೋಡಿದ, ಮೂರನೆಯದು ನೋಡಿದ. ನಾಲ್ಕನೆಯ ಮೂಲೆಯಲ್ಲಿ ಅವನ ಬೆರಳು ನಿಂತಿತು. ಬಿಚ್ಚಿದ ಗುರುತಿನ ಜಾಗದಲ್ಲಿ ಸೂಜಿಯ ತೂತುಗಳು ಉಳಿಯುತ್ತವೆ. ಲಾಂಡ್ರಿಯಲ್ಲಿ ಕೆಲಸ ಮಾಡಿದ ಯಾರಿಗೂ ಅದು ಗೊತ್ತು. ಅವನು ಬೆಳಕಿಗೆ ಹಿಡಿದ. ಸಾಲಾಗಿ ತೂತು. ನಡುವೆ ಹಳದಿ ಕಲೆ. ಭುಜ. ಬೆನ್ನು.

ಬಾಯ್ಲರಿನವನೂ ಅವನೂ ದಿನಾ ಬೆಳಗ್ಗೆ ಒಂದೇ ಬೀಡಿಯನ್ನು ಹಂಚಿಕೊಂಡು ಸೇದುತ್ತಿದ್ದರು.

ಒಳಗಿನಿಂದ ಸಣ್ಣ ಯಜಮಾನ ಕೂಗಿದ, "ಏನಿದೆ ನೋಡು ಅವಳ ಹತ್ರ!"

ಮೀಸೆ ಮಾಮ ಚಾದರವನ್ನು ಮಡಚಿದ. ಅವನ ಕೈಗೆ ಮಡಚಲು ಬರುತ್ತಿರಲಿಲ್ಲ. ಹೇಗೋ ಮಡಚಿ ಅವಳ ಕೈಗಿಟ್ಟ.

"ಗುರುತಿಲ್ಲ ಯಜಮಾನ್ರೇ" ಅಂತ ಕೂಗಿ ಹೇಳಿದ. ಆಮೇಲೆ ಮೆಲ್ಲಗೆ ಅಂದ, "ಹೋಗಮ್ಮ."

ಅವತ್ತು ಅವನು ಅವಳ ಮೈ ಮುಟ್ಟಿ ನೋಡಲಿಲ್ಲ.

ರಸ್ತೆಯ ಆಚೆ ಬದಿಯಲ್ಲಿ ಮಗಳು ನಿಂತಿದ್ದಳು. ಕಾಲ ಬಳಿ ಎರಡು ಪಾತ್ರೆ, ಒಂದು ಚೀಲ, ಖಾಲಿ ಡಬ್ಬಿ, ಪುಸ್ತಕದ ಕಟ್ಟು. ಕೋಣೆಯಲ್ಲಿದ್ದದ್ದು ಅಷ್ಟೇ. ಯೂನಿಫಾರಂ ಹಾಕಿಕೊಂಡಿದ್ದಳು, ಸಂಜೆ ವಾರ್ಡಿಗೆ ಹೋಗಬೇಕಿತ್ತು. ಕೋರ್ಟು ಎಷ್ಟು ವರ್ಷ ಎಳೆಯುತ್ತದೋ ಇಬ್ಬರಿಗೂ ಗೊತ್ತಿರಲಿಲ್ಲ. ಎಲ್ಲಿ ಮಲಗುವುದು ಅಂತಲೂ ಗೊತ್ತಿರಲಿಲ್ಲ.

ಮಗಳು ಅಮ್ಮನ ಕೈಯಲ್ಲಿದ್ದುದನ್ನು ನೋಡಿದಳು. ಮುದುಡಿ ಮಡಚಿದ್ದನ್ನು ನೋಡಿ ಅಭ್ಯಾಸಬಲದಿಂದ ಒಂದು ತುದಿ ಹಿಡಿದು ಬಿಡಿಸಿದಳು. ಅಮ್ಮ ಇನ್ನೊಂದು ತುದಿ ಹಿಡಿದಳು. ಇಬ್ಬರ ನಡುವೆ ಚಾದರ ಹರಡಿಕೊಂಡಿತು. ಮಗಳ ಕೈ ಮೂಲೆಯಲ್ಲಿ ಅಮ್ಮನ ಗುರುತನ್ನು ಹುಡುಕಿತು. ದಾರ ಸಿಗಲಿಲ್ಲ, ತೂತುಗಳು ಸಿಕ್ಕವು. ಆಗ ನಡುವಿನ ಹಳದಿಯನ್ನು ನೋಡಿದಳು. ಇದನ್ನೇ ಎಳೆದು ಅವಳು ಅಪ್ಪನ ಮುಖ ಮುಚ್ಚಿದ್ದು.

"ಅಮ್ಮಾ, ಇದು..."

"ಹೂಂ. ಮಡಚು."

ರಸ್ತೆಯಲ್ಲಿ ಜನ ಹಾದುಹೋಗುತ್ತಿದ್ದರು. ತಾಯಿ ಮಗಳು ಹತ್ತಿರ ಬಂದರು, ತುದಿಗೆ ತುದಿ ಸೇರಿಸಿದರು, ಮತ್ತೆ ದೂರ ಸರಿದರು, ಮತ್ತೆ ಹತ್ತಿರ ಬಂದರು. ಕಲೆ ಒಳಗೆ ಬರುವ ಹಾಗೆ ಮಡಚಿದರು.